ನಲವತ್ನಾಲ್ಕನೆಯವನಿಗೆ ಐವತ್ತೆಂಟು

ಡೆಮೊಪೊಲಿಸ್, ಅಲಬಾಮ
ಭಾನುವಾರ, 12 ಫೆಬ್ರವರಿ 2012

ಗ್ರೇಡಿ,

ಮೂರು ವರ್ಷದಿಂದ ಒಂದು ಗೆರೆ ಬರೆಯದವನು ಈಗ ಯಾಕೆ ಬರೆದ ಎಂದು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿರಬೇಕು ನೀನು. ಫೋನ್ ಮಾಡಬಹುದಿತ್ತು. ಮಾಡಿದ್ದರೆ ಮೊದಲ ನಿಮಿಷದಲ್ಲೇ ಬೈದು ಇಟ್ಟುಬಿಡುತ್ತಿದ್ದೆ, ಕೆಲಸ ಕೆಡುತ್ತಿತ್ತು. ಅದಕ್ಕೆ ಕೋಚ್ ಹ್ಯಾಸ್ಕೆಲ್ ಕಲಿಸಿದ ಹಾಗೆ ಭಾನುವಾರ, ಹಳದಿ ಹಾಳೆ, ಕೈಬರಹ. ಹಾರ್ಲನ್ ಸ್ಟೇಟ್ ಕಾಲೇಜಿನಲ್ಲಿ ಇದ್ದ ನಾಲ್ಕು ವರ್ಷವೂ ಆ ಪುಣ್ಯಾತ್ಮ ಭಾನುವಾರ ಬೆಳಿಗ್ಗೆ ಇಡೀ ತಂಡವನ್ನು ಊಟದ ಕೋಣೆಯಲ್ಲಿ ಕೂರಿಸಿ ಮನೆಗೆ ಕಾಗದ ಬರೆಸುತ್ತಿದ್ದ. ಕೊನೆಗೆ ಹೆಸರು ಹಾಕಕೂಡದು, ಅಂಗಿಯ ನಂಬರ್ ಮಾತ್ರ. 'ತಂಡದಲ್ಲಿ ಹೆಸರಿಲ್ಲ ಕಣ್ರೋ, ನಂಬರ್ ಇದೆ.' ಅಂಗಿಯ ಬೆನ್ನ ಮೇಲೂ ಹೆಸರು ಬರೆಸಲಿಲ್ಲ ಅವನು. ನನ್ನ ತಾಯಿ ಆ ಕಾಗದಗಳನ್ನು ಇನ್ನೂ ಕಟ್ಟಿಟ್ಟಿದ್ದಾಳೆ. ಎಲ್ಲದರ ಕೆಳಗೂ 44.

ವಿಷಯಕ್ಕೆ ಬರುತ್ತೇನೆ. ಹೋದ ಶನಿವಾರ ಕ್ಲಿಯೋಫಸ್‌ನ ಕ್ಷೌರದಂಗಡಿಗೆ ಹೋಗಿದ್ದೆ. ಸರದಿ ಕಾಯುವವರಿಗೆ ಹೊತ್ತು ಹೋಗಲಿ ಎಂದು ಅವನು ಮೂಲೆಯಲ್ಲೊಂದು ಟಿವಿ ಇಟ್ಟು ನಿಮ್ಮ ಕಂಪನಿಯ ಕಾಲೇಜು ಫುಟ್ಬಾಲ್ ವಿಡಿಯೋ ಗೇಮ್ ಹಾಕಿದ್ದಾನೆ. ಹಳೆಯದು, 2008ರದು. ಅರ್ಧ ತಲೆ ಬೋಳಿಸಿಕೊಂಡ ದೊಡ್ಡ ದೊಡ್ಡ ಗಂಡಸರು ಅದರ ಮುಂದೆ ಕಿತ್ತಾಡುತ್ತಿದ್ದರು. ಪರದೆಯ ಮೇಲೆ ನಮ್ಮ ಹಾರ್ಲನ್ ಸ್ಟೇಟ್, ನಮ್ಮ ಹಸಿರು ಹೆಲ್ಮೆಟ್. ನಡುವೆ ನಲವತ್ನಾಲ್ಕನೇ ನಂಬರಿನವನು. ಚೆಂಡು ಹಿಡಿದು ಓಡಿ ಬಂದವನನ್ನು ನೆಲಕ್ಕೆ ಕೆಡವುವ ನನ್ನದೇ ಜಾಗ. ಆರಡಿ ಎರಡಂಗುಲ, ಇನ್ನೂರ ಮೂವತ್ತೊಂದು ಪೌಂಡು, ಊರು ಡೆಮೊಪೊಲಿಸ್. ಎಡ ಮೊಣಕೈ ಮೇಲೆ ಬಿಳಿ ಪಟ್ಟಿ. ಚೆಂಡು ಏಳುವ ಮೊದಲು ಎಡ ಮುಷ್ಟಿಯಿಂದ ಹೆಲ್ಮೆಟ್‌ಗೆ ಎರಡು ಪೆಟ್ಟು. ಒಂದು ನನ್ನ ಮಗ ಎಮೋರಿಗೆ, ಒಂದು ಅವನ ತಾಯಿಗೆ ಎಂದು ನಾನು ಹೇಳಿದ್ದು ಈ ಪ್ರಪಂಚದಲ್ಲಿ ನಿನಗೊಬ್ಬನಿಗೆ. ಎಲ್ಲ ಇದೆ. ಹೆಸರಿನ ಜಾಗದಲ್ಲಿ ಮಾತ್ರ ಬರೀ 'ನಂಬರ್ 44'.

'ಲೇ, ಆ ನಲವತ್ನಾಲ್ಕನ್ನ ನಂಬ್ಕೋಬೇಡ. ಆಟದ ಮೂರನೇ ಕ್ವಾರ್ಟರ್ ಹೊತ್ಗೆ ಮುರ್ಕೊಂಡು ಬೀಳ್ತಾನೆ' ಎಂದ ಒಬ್ಬ.

'ಗಾಜಿನ ಗೊಂಬೆ ಕಣೋ ಅದು' ಎಂದ ಇನ್ನೊಬ್ಬ.

ನಾನು ಅವರ ಹಿಂದೆಯೇ ಕೂತಿದ್ದೆ. ಕ್ಲಿಯೋಫಸ್ ನನ್ನ ಮುಖ ನೋಡಿ ಕತ್ತರಿ ನಿಲ್ಲಿಸಿ, 'ಒರಿನ್, ಅದು ನೀನೇ ಅಲ್ವೇನಪ್ಪ?' ಎಂದ. ಅಂಗಡಿಯೆಲ್ಲ ನನ್ನ ಕಡೆ ತಿರುಗಿತು. ಆ ಮೊದಲನೆಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ಇವ್ನಾಗಿದ್ರೆ ಹೆಸರು ಹಾಕ್ತಿರ್ಲಿಲ್ವಾ?' ಎಂದು ಮತ್ತೆ ಆಟಕ್ಕೆ ಕೂತ.

ಹಳೆಯ ಆಟಗಾರರು ಸೇರಿ ನಿಮ್ಮ ಕಂಪನಿಯ ಮೇಲೆ ದಾವೆ ಹೂಡಿರುವುದು ನಿನಗೆ ಗೊತ್ತಿದೆ. ನಮ್ಮನ್ನು ಒಂದು ಮಾತು ಕೇಳದೆ ನಮ್ಮ ಮೈ, ನಡಿಗೆ, ಊರು ಎಲ್ಲ ಮಾರಿದಿರಿ ಎಂದು. ನಾನೂ ಸಹಿ ಹಾಕಿದ್ದೇನೆ. ಅವರೆಲ್ಲ ಕಲ್ಪನೆಯ ಗೊಂಬೆಗಳು, ಯಾರಿಗೂ ಸಂಬಂಧವಿಲ್ಲ ಎನ್ನುತ್ತಾರೆ ನಿಮ್ಮ ಕಂಪನಿಯವರು. ನಮ್ಮ ಲಾಯರಮ್ಮನಿಗೆ ಬೇಕಾಗಿರುವುದು ಒಂದೇ. ಆ ಗೊಂಬೆಗಳನ್ನು ಮಾಡಿದವನೊಬ್ಬ ಪ್ರಮಾಣ ಮಾಡಿ, 'ಹೌದು, 44 ಎಂದರೆ ಒರಿನ್ ಟಿಲ್ಮನ್' ಎನ್ನಬೇಕು. ಹಾರ್ಲನ್ ಸ್ಟೇಟ್ ತಂಡವನ್ನು ಮಾಡಿದವನು ನೀನು. ನೀನು ಹೇಳಬೇಕು. ಇದು ಕೋರಿಕೆಯಲ್ಲ.

ಒರಿನ್ ಟಿಲ್ಮನ್
(ಪೂರ್ತಿ ಹೆಸರು. ನೋಡಿಕೋ.)


ಟ್ಯಾಂಪಾ, ಫ್ಲಾರಿಡಾ
ಭಾನುವಾರ, 11 ಮಾರ್ಚ್ 2012

ಒರಿನ್,

ಕಾಗದವನ್ನು ಆಫೀಸಿಗೆ ಹಾಕದೆ ಮನೆಗೆ ಹಾಕಿದೆಯಲ್ಲ, ಅಷ್ಟು ಬುದ್ಧಿಯಾದರೂ ಉಳಿದಿದೆ. ಬಾಕಿಯದೆಲ್ಲ ಹೆಲ್ಮೆಟ್‌ನೊಳಗೇ ಬಿಟ್ಟು ಬಂದೆಯೋ ಏನೋ.

ಕ್ಷೌರದಂಗಡಿಯಲ್ಲಿ ಮೊದಲ ಸಲ ನಿನ್ನನ್ನು ನೀನೇ ಕಂಡು ಬೆಚ್ಚಿಬಿದ್ದವನ ಹಾಗೆ ಬರೆದಿದ್ದೀಯ. ಲಾಯರಮ್ಮ ಓದಲಿ ಎಂದು ಬರೆದದ್ದಾದರೆ ಸರಿ. ನನಗೆ ಬರೆದದ್ದಾದರೆ ಒಂದು ನೆನಪು ಮಾಡಲೇ? 2008ರ ಜುಲೈ. ಗೇಮ್ ಅಂಗಡಿಗೆ ಬಂದ ದಿನ ಮಧ್ಯಾಹ್ನ ನನಗೆ ಫೋನ್ ಬಂತು. 'ನಂಗೆ ನೂರಕ್ಕೆ ಒಟ್ಟು ಎಂಬತ್ತೆಂಟೇನೋ ಜಿಪುಣ? ತೊಂಬತ್ತಾದ್ರೂ ಹಾಕ್ಬಾರ್ದಿತ್ತಾ? ಹುಡುಗ್ರೆಲ್ಲ ನಂದೇ ಆಡ್ತಾವ್ರೆ' ಎಂದು ಕಿವಿ ತೂತಾಗುವ ಹಾಗೆ ನಕ್ಕವನು ಯಾರು? ಆಗ ನಿನ್ನ ಮೈ ಮಾರಾಟವಾಗಿದ್ದು ಗೊತ್ತಾಗಲಿಲ್ಲವೇ? ಅಂದು ಹೆಮ್ಮೆ, ಇಂದು ಕಳ್ಳತನ. ನಡುವೆ ಬಂದದ್ದು ಒಬ್ಬ ಲಾಯರಮ್ಮ, ಅಷ್ಟೇ.

ನನ್ನ ಪಾಡು ನಿನಗೆ ಗೊತ್ತು. ಸ್ಕಾಲರ್‌ಶಿಪ್ಪಿಲ್ಲದೆ ಸ್ವಂತ ಆಸೆಗೆ ತಂಡಕ್ಕೆ ಬಂದವನು. ಮೂರು ವರ್ಷ ದಿನವೂ ನೀನು ಗುದ್ದಿ ಕಲಿತ ಮೂಟೆ ನಾನು. ಪಂದ್ಯದಲ್ಲಿ ಒಂದು ನಿಮಿಷ ಆಡಲಿಲ್ಲ. ಕೋಚ್‌ನ ಪಕ್ಕ ಆಟಗಾರರ ಪಟ್ಟಿ ಹಿಡಿದು ನಿಂತದ್ದೇ ಬಂತು. ಈ ಕೆಲಸ ಸಿಕ್ಕಾಗ ಮೊದಲು ಮಾಡಿದ್ದು ನಿನ್ನನ್ನು. ಉಳಿದ ಆಟಗಾರರಿಗೆ ತಲಾ ಇಪ್ಪತ್ತು ನಿಮಿಷ, ನಿನಗೆ ಹನ್ನೊಂದು ದಿನ. ನೀನು ಭುಜ ಇಳಿಸಿ ನುಗ್ಗುವುದನ್ನು ನನ್ನ ಪಕ್ಕೆಲುಬು ಬಾಯಿಪಾಠ ಮಾಡಿಕೊಂಡಿತ್ತು. ಅದಕ್ಕೆ ಒಂದು ಮೆಚ್ಚುಗೆಯ ಮಾತು ಬರಲಿಲ್ಲ, ನಾಲ್ಕು ವರ್ಷದ ಮೇಲೆ ನೋಟೀಸು ಬಂತು.

ನೀವು ಗೆದ್ದರೆ ಈ ಆಟವೇ ಮುಚ್ಚಿಹೋಗುತ್ತದೆ. ಇಲ್ಲಿ ಅರವತ್ತು ಜನರ ಅನ್ನ ಹೋಗುತ್ತದೆ. ನಿಮಗೆ ಹೆಸರು ಬೇಕು, ನಮಗೆ ಕೆಲಸ ಬೇಕು. ನಾನು ಬಾಯಿ ಬಿಡುವುದಿಲ್ಲ.

ಇನ್ನು ನಲವತ್ನಾಲ್ಕು ಮುರಿದು ಬೀಳುವುದು. ಅದು ಆಡುವವನ ಕೈಗುಣ ಎಂದು ಆ ಗಿರಾಕಿಗೆ ಹೇಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಎಮೋರಿಗೆ ಈಗ ಆರು ವರ್ಷವಿರಬೇಕು. ಇನ್ನೂ ಬಿಸ್ಕೆಟ್ಟನ್ನು ಸಾರಿನಲ್ಲಿ ಅದ್ದಿ ಅದ್ದಿ ಮುಳುಗಿಸುತ್ತಾನೆಯೇ?

53


ಡೆಮೊಪೊಲಿಸ್
ಭಾನುವಾರ, 22 ಏಪ್ರಿಲ್ 2012

ಗ್ರೇಡಿ,

ಆ ಫೋನ್ ಮಾಡಿದ್ದು ನಾನೇ. ಒಪ್ಪಿದೆ. ಯಾರೋ ಹುಡುಗ 'ನಿಂಗೆ ಎಂಬತ್ತೆಂಟು' ಎಂದ, ನಾನು ಕುಣಿದಾಡಿಬಿಟ್ಟೆ. ನನ್ನ ಹತ್ತಿರ ಗೇಮ್ ಯಂತ್ರ ಇರಲಿಲ್ಲ. ಒಳಗಿನ ಪುಟಗಳನ್ನು ತೆರೆದು ನೋಡಲಿಲ್ಲ.

ಈಗ ನೋಡಿದೆ. ನಿನ್ನ ಕಾಗದದ 'ಕೈಗುಣ' ನನ್ನ ತಲೆ ಕೊರೆಯಿತು. ಯಾರೂ ಕೇಳದೆ ನೀನು ಅಷ್ಟು ಉದ್ದ ಸಮಜಾಯಿಷಿ ಕೊಡುವವನಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಯಂತ್ರವನ್ನೂ ಆ ಗೇಮನ್ನೂ ತಂದೆ. ವೇಗ, ತೊಂಬತ್ತು. ಬಲ, ತೊಂಬತ್ತೊಂದು. ಡಿಕ್ಕಿ, ತೊಂಬತ್ತಾರು. ಆಮೇಲೆ ಕೊನೆಯ ಸಾಲು, ಪೆಟ್ಟು ತಾಳುವ ಶಕ್ತಿ. ಐವತ್ತೆಂಟು.

ಇಡೀ ತಂಡದಲ್ಲಿ ಅಷ್ಟು ಕಡಿಮೆ ಇರುವವನು ಬೇರೆ ಇಲ್ಲ. ಚೆಂಡನ್ನು ಒದ್ದು ಬಂದು ಬೆಂಚಿನ ಮೇಲೆ ಕೂರುವ ಆ ಕಡ್ಡಿ ಪೈಲ್ವಾನನಿಗೆ ಎಂಬತ್ತು. ನಾನು ನಾಲ್ಕು ವರ್ಷದಲ್ಲಿ ಒಂದೇ ಒಂದು ಪಂದ್ಯ ತಪ್ಪಿಸಿದವನಲ್ಲ. ಯಾವ ಪತ್ರಿಕೆಯಲ್ಲೂ ನನ್ನ ಮೊಣಕಾಲಿನ ಸುದ್ದಿ ಬಂದಿಲ್ಲ, ತಂಡದ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದವರು ಮೂವರು. ನಾನು, ನೀನು, ನಿನ್ನ ಡೆಲ್ ಮಾವ.

2007ರ ಅಕ್ಟೋಬರ್. ಮಗುವಿಗೆ ಒಂದೂವರೆ ವರ್ಷ. ದೊಡ್ಡ ತಂಡವೊಂದು ನನ್ನನ್ನು ಆರಿಸಿಕೊಳ್ಳದಿದ್ದರೆ ಅವನಿಗೆ ನಾನು ಏನೂ ಮಾಡಲಾರೆ ಎಂದು ನಿನ್ನ ಮುಂದೆ ಅತ್ತಿದ್ದೆ. ನೀನು ನನ್ನನ್ನು ಮೂರು ಗಂಟೆ ದೂರ, ನಿನ್ನ ಮಾವನ ದನದ ಆಸ್ಪತ್ರೆಗೆ ಕರೆದೊಯ್ದೆ. ಹಸು ನಿಲ್ಲಿಸುವ ಕಟಕಟೆಯ ಪಕ್ಕ ಕೂರಿಸಿ ಆ ಮನುಷ್ಯ ನನ್ನ ಮೊಣಕಾಲಿಂದ ಒಂದು ಲೋಟ ನೀರು ತೆಗೆದ. 'ಕುದ್ರೆ ಆಗಿದ್ರೆ ಈ ವರ್ಷ ಓಡಿಸ್ಬೇಡಿ ಅಂತಿದ್ದೆ ಮಗಾ' ಎಂದ. ವಾಪಸು ಬರುವಾಗ ಯಾರಿಗೂ ಹೇಳುವುದಿಲ್ಲ ಎಂದು ನೀನು ಆಣೆ ಇಟ್ಟೆ. ಒಂಬತ್ತು ತಿಂಗಳಿಗೆ ಅದನ್ನು ದೇಶದ ಪ್ರತಿ ಅಂಗಡಿಯಲ್ಲೂ ಮಾರಿದೆ.

ಇನ್ನೊಂದು ಕೇಳು. 2009ರ ಮಾರ್ಚಿನಲ್ಲಿ ವೃತ್ತಿ ತಂಡವೊಂದರ ಆಯ್ಕೆಗಾರ ನನ್ನನ್ನು ನೋಡಲು ಬಂದಿದ್ದ. ಎಲ್ಲ ಚೆನ್ನಾಗಿಯೇ ಇತ್ತು. ಎದ್ದು ಹೋಗುವಾಗ ನಕ್ಕ. 'ನಮ್ಮನೇಲಿ ಗೇಮ್ ಆಡ್ತಾರಪ್ಪ. ನೀನು ಬೇಗ ಮುರೀತೀಯಂತೆ. ಸುಮ್ನೆ ಒಂದು ಸ್ಕ್ಯಾನ್ ಮಾಡ್ಸೋಣ' ಎಂದ. ತಮಾಷೆ ಎಂದುಕೊಂಡು ನಾನೂ ನಕ್ಕೆ. ಮಾಡಿಸಿದರು. ಏಪ್ರಿಲ್‌ನಲ್ಲಿ ವೃತ್ತಿ ತಂಡಗಳು ಹೊಸಬರನ್ನು ಹೆಸರು ಕರೆದು ಆರಿಸುವ ಆಯ್ಕೆಯ ದಿನ ಏಳು ಸುತ್ತು ಮುಗಿಯುವವರೆಗೂ ಟಿವಿ ಮುಂದೆ ಕೂತಿದ್ದೆವು. ನನ್ನ ಹೆಸರು ಕರೆಯಲಿಲ್ಲ. ಅಂದಿನಿಂದ ನಾನು ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವವನು.

ಇಷ್ಟಕ್ಕೇ ನಿಂತಿದ್ದರೆ ನಿನ್ನನ್ನು ಬರೀ ಬಾಯಿಬಡುಕ ಎನ್ನುತ್ತಿದ್ದೆ. ಆದರೆ ಮೂರನೇ ಕ್ವಾರ್ಟರ್‌ನಲ್ಲಿ ನಾನು ಮುರಿದು ಬಿದ್ದ ಮೇಲೆ ನನ್ನ ಜಾಗಕ್ಕೆ ಯಾರು ಬಂದರು ಎಂದೂ ನೋಡಿದೆ. ನಂಬರ್ 53. ಐದಡಿ ಹನ್ನೊಂದು, ಕೆಂಪು ಕೂದಲು. ಆ ವರ್ಷ ನೀನು ಡಿಗ್ರಿ ಮುಗಿಸಿ ಟ್ಯಾಂಪಾದಲ್ಲಿದ್ದೆ, ತಂಡದಲ್ಲೇ ಇರಲಿಲ್ಲ. ಮೈದಾನದಲ್ಲಿ ಒಂದು ನಿಮಿಷ ಸಿಗಲಿಲ್ಲ ಎಂದು ಅಲ್ಲಿ ನನ್ನ ಕಾಲು ಮುರಿದು ಒಳಗೆ ನುಗ್ಗಿದೆ. ಉಂಡ ಮನೆಗೆ ಎರಡು ಬಗೆದವನನ್ನು ನೋಡಿದ್ದೆ, ಇಷ್ಟು ಅಚ್ಚುಕಟ್ಟಾಗಿ ಬಗೆದವನನ್ನು ನೋಡಿರಲಿಲ್ಲ.

ಎಮೋರಿಯ ಹೆಸರು ಇನ್ನು ನಿನ್ನ ಕಾಗದದಲ್ಲಿ ಬರಕೂಡದು.

ಒರಿನ್ ಟಿಲ್ಮನ್


ಟ್ಯಾಂಪಾ
ಬುಧವಾರ, 9 ಮೇ 2012

ಸನ್ಮಾನ್ಯ ಟಿಲ್ಮನ್ ಅವರಿಗೆ,

ತಮ್ಮ 22 ಏಪ್ರಿಲ್ ದಿನಾಂಕದ ಪತ್ರ ತಲುಪಿದೆ. ದಾವೆ ನಡೆಯುತ್ತಿರುವ ಕಾರಣ ಅದರಲ್ಲಿನ ಯಾವ ಅಂಶದ ಬಗ್ಗೆಯೂ ಪ್ರತಿಕ್ರಿಯಿಸಲು ಸಾಧ್ಯವಿಲ್ಲ. ಮುಂದಿನ ಎಲ್ಲ ವ್ಯವಹಾರವನ್ನು ವಕೀಲರ ಮೂಲಕ ನಡೆಸಬೇಕೆಂದು ಕೋರುತ್ತೇನೆ.

ಗ್ರೇಡಿ ಪೆಲ್ಕಿ
ಹಿರಿಯ ಸಹಾಯಕ, ತಂಡಗಳ ವಿಭಾಗ


ಡೆಮೊಪೊಲಿಸ್
ಭಾನುವಾರ, 15 ಸೆಪ್ಟೆಂಬರ್ 2013

ಸನ್ಮಾನ್ಯ ಪೆಲ್ಕಿ ಅವರಿಗೆ,

ನೀವು ಕಳೆದ ತಿಂಗಳು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ಪ್ರತಿ ಲಾಯರಮ್ಮನ ಕೈಯಿಂದ ನನಗೆ ಬಂತು. ಎಪ್ಪತ್ತು ಪುಟ. ಅದರಲ್ಲಿ ಒಂದು ತುಂಡನ್ನು ತಮಗೇ ಓದಿಸುತ್ತೇನೆ.

'ಈ ನಲವತ್ನಾಲ್ಕು ಯಾರು?' ನೆನಪಿಲ್ಲ. 'ಒರಿನ್ ಟಿಲ್ಮನ್ ನಿಮಗೆ ಗೊತ್ತೆ?' ಒಂದೇ ತಂಡದಲ್ಲಿದ್ದೆವು. 'ಅವರ ಎತ್ತರ?' ನೆನಪಿಲ್ಲ. 'ಊರು?' ನೆನಪಿಲ್ಲ. 'ಬಿಳಿ ಪಟ್ಟಿ?' ನೆನಪಿಲ್ಲ. 'ಹೆಲ್ಮೆಟ್‌ಗೆ ಎರಡು ಪೆಟ್ಟು ಕೊಡುವ ಅಭ್ಯಾಸ?' ನೆನಪಿಲ್ಲ.

ಎಣಿಸಿದೆ. ಹನ್ನೊಂದು ಸಲ. ನನ್ನನ್ನು ಮಾಡಲು ಹನ್ನೊಂದು ದಿನ ತೆಗೆದುಕೊಂಡೆ ಎಂದಿದ್ದೆ. ದಿನಕ್ಕೊಂದರಂತೆ ಮರೆತೆ.

ಲಾಯರಮ್ಮನಿಗೆ ನಿನ್ನ ಹಳೆಯ ಕಾಗದ ತೋರಿಸಿದ್ದರೆ ನೀನು ಸುಳ್ಳು ಪ್ರಮಾಣಕ್ಕೆ ಜೈಲಿಗೆ ಹೋಗುತ್ತಿದ್ದೆ. ತೋರಿಸಲಿಲ್ಲ. ಯಾಕೆ ಎಂದು ನನಗೂ ಗೊತ್ತಿಲ್ಲ. ಒಳ್ಳೆಯತನ ಎಂದು ಮಾತ್ರ ತಿಳಿಯಬೇಡ.

ನನಗೆ ಬೇಕಾಗಿದ್ದದ್ದು ದುಡ್ಡಲ್ಲ ಎಂದು ಬರೆದರೆ ನೀನು ನಗುತ್ತೀಯ. ನಗು. ಅಂಗಿಯ ಮೇಲೆ ಹೆಸರಿಲ್ಲ, ಕಾಗದದ ಕೆಳಗೆ ಹೆಸರಿಲ್ಲ, ಆಯ್ಕೆಯ ದಿನ ಹೆಸರು ಬರಲಿಲ್ಲ, ಗೇಮಿನಲ್ಲೂ ಇಲ್ಲ. ಅದು ನಾನೇ ಎಂದು ಒಬ್ಬ ಮನುಷ್ಯ ಒಂದು ಸಲ ಗಟ್ಟಿಯಾಗಿ ಹೇಳಲಿ ಎಂದಿತ್ತು. ಎಲ್ಲ ಬಿಟ್ಟು ನಿನ್ನನ್ನು ಕೇಳಿದೆ.

ಒರಿನ್ ಟಿಲ್ಮನ್


ಟ್ಯಾಂಪಾ
ಭಾನುವಾರ, 8 ಜೂನ್ 2014

ಒರಿನ್,

ಆಟ ಮುಚ್ಚಿತು. ಪತ್ರಿಕೆಯಲ್ಲಿ ಓದಿರುತ್ತೀಯ. ಕಾಲೇಜುಗಳು ಒಂದೊಂದಾಗಿ ಕೈತೊಳೆದುಕೊಂಡವು, ಕಂಪನಿ ಹಳೆಯ ಆಟಗಾರರ ಜೊತೆ ರಾಜಿ ಮಾಡಿಕೊಂಡಿತು. ನಮ್ಮ ವಿಭಾಗದವರನ್ನು ಒಂದು ಕೋಣೆಗೆ ಕರೆದು, ಒಬ್ಬೊಬ್ಬರಿಗೂ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ನಾನೀಗ ನನ್ನ ಹೆಂಡತಿಯ ಅಣ್ಣನ ದೋಣಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಿವೃತ್ತ ಮುದುಕರಿಗೆ ಮೀನು ಹಿಡಿಯುವ ದೋಣಿ ತೋರಿಸಿ ಬರೀ ಹಲ್ಲು ಕಿರಿಯುವ ಕೆಲಸ.

ಸಂತೋಷವೇ? ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡವನ ಕಥೆ ಕೇಳಿದ್ದೀಯ ತಾನೆ. ಈಗ ಕ್ಲಿಯೋಫಸ್‌ನ ಅಂಗಡಿಯಲ್ಲಿ ಹೊಸ ಆಟವಿಲ್ಲ. ಈಗಿನ ಹುಡುಗರು ತಮ್ಮನ್ನು ಪರದೆಯ ಮೇಲೆ ನೋಡಿ ಗೆಳೆಯನಿಗೆ ಫೋನ್ ಮಾಡಿ ಕುಣಿಯುವ ಹಾಗಿಲ್ಲ. ನೀನು ಕುಣಿದಿದ್ದೆ. ಅದನ್ನು ಅವರಿಂದ ಕಿತ್ತುಕೊಂಡಿರಿ.

ನಿನ್ನ ಐವತ್ತೆಂಟಕ್ಕೆ ನನ್ನ ಹತ್ತಿರ ಉತ್ತರವಿದೆ. ಹೇಳುವುದಿಲ್ಲ. ಕೇಳುವ ಕಿವಿ ನಿನ್ನದಲ್ಲ ಈಗ.

ಗ್ರೇಡಿ


ಡೆಮೊಪೊಲಿಸ್
ಭಾನುವಾರ, 7 ಏಪ್ರಿಲ್ 2024

ಗ್ರೇಡಿ,

ಹತ್ತು ವರ್ಷ. ನಮ್ಮ ಮನೆಯಲ್ಲಿ ನಿನ್ನ ಹೆಸರು ಮಾತ್ರ ಸತ್ತಿಲ್ಲ, ಬೈಗುಳವಾಗಿ ಬಾಳುತ್ತಿದೆ. ಯಾರಾದರೂ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ 'ಗ್ರೇಡಿ ಮಾಡ್ದ' ಎನ್ನುತ್ತೇವೆ. ಎಮೋರಿ ಆರು ವರ್ಷದವನಿದ್ದಾಗಿನಿಂದ ಅದನ್ನೇ ಕೇಳಿ ಬೆಳೆದಿದ್ದಾನೆ.

ಅವನಿಗೀಗ ಹದಿನೆಂಟು. ಜನವರಿಯಲ್ಲಿ ಹಾರ್ಲನ್ ಸ್ಟೇಟ್ ಸೇರಿದ. ನಂಬರ್ 44, ಕೇಳಿ ಹಾಕಿಸಿಕೊಂಡದ್ದು. ಕೋಚ್ ಹ್ಯಾಸ್ಕೆಲ್ ಹೋಗಿ ಬೇರೆಯವನು ಬಂದಿದ್ದಾನೆ, ಅಂಗಿಯ ಮೇಲೆ ಈಗ ಹೆಸರೂ ಇದೆ. ಮೊದಲ ಸಲ ಟಿಲ್ಮನ್ ಎಂದು ಬರೆದ ಬೆನ್ನು ನೋಡಿ ನನ್ನ ತಾಯಿ ಅಷ್ಟು ಜನರ ಮುಂದೆ ಅತ್ತಳು.

ನಿಮ್ಮ ಆಟ ಮತ್ತೆ ಬರುತ್ತಿದೆಯಂತೆ. ಈ ಸಲ ಪ್ರತಿ ಹುಡುಗನನ್ನೂ ಕೇಳಿ, ಸಹಿ ಹಾಕಿಸಿಕೊಂಡು, ಒಂದು ಚೆಕ್ಕು ಮತ್ತು ಗೇಮಿನ ಒಂದು ಪ್ರತಿ ಕೊಡುತ್ತಾರಂತೆ. ಎಮೋರಿ ಸಹಿ ಹಾಕಿ ನನಗೆ ಕಾಗದ ತೋರಿಸಿದ. 'ನೋಡಪ್ಪ, ನೀನು ಜಗಳ ಆಡಿದ್ದಕ್ಕೆ ನಂಗೆ ಸಿಕ್ತು' ಎಂದ. ಎದೆ ತುಂಬಿ ಬಂತು. ಆಮೇಲೆ ಕಾಗದದ ಕೊನೆ ನೋಡಿದೆ. ಹಾರ್ಲನ್ ಸ್ಟೇಟ್ ತಂಡದ ಜವಾಬ್ದಾರಿ, ಗ್ರೇಡಿ ಪೆಲ್ಕಿ. ದೋಣಿ ಬಿಟ್ಟು ಮತ್ತೆ ಬಂದಿದ್ದೀಯ.

ಈಸ್ಟರ್ ಊಟಕ್ಕೆ ಮನೆಗೆ ಬಂದಿದ್ದ. ಮೀನು ಹುರಿದಿದ್ದೆ. ಹುಟ್ಟಾ ಬಲಗೈ ಹುಡುಗ ಎಡಗೈಯಲ್ಲಿ ಮುಳ್ಳು ಬಿಡಿಸುತ್ತಿದ್ದ. ಅಜ್ಜಿ ಬೆಣ್ಣೆ ಬಟ್ಟಲು ಕೇಳಿದರೆ ಬಲಗೈ ಮೇಲೆತ್ತಲಿಲ್ಲ, ಎದ್ದು ನಿಂತು ಎಡಗೈಯಿಂದ ಕೊಟ್ಟ. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ, ಆ ವಿದ್ಯೆಯಲ್ಲಿ ನಾನು ಪಂಡಿತ. ಹಿತ್ತಲಿಗೆ ಕರೆದು ಕೇಳಿದೆ. 'ಭುಜ ಸ್ವಲ್ಪ ಕಳಚಿಕೊಳ್ಳುತ್ತೆ, ನಾನೇ ಕೂರಿಸ್ಕೋತೀನಿ. ಯಾರ್ಗೂ ಹೇಳ್ಬೇಡಪ್ಪ. ಈ ವರ್ಷ ಆಡ್ದಿದ್ರೆ ನನ್ನ ಜಾಗ ಹೋಗುತ್ತೆ' ಎಂದ. ಮಾತು ಕೊಟ್ಟೆ.

ನಿನಗೆ ಯಾಕೆ ಬರೆಯುತ್ತಿದ್ದೇನೆ? ನೀನು ಅವರ ಅಭ್ಯಾಸ ನೋಡಲು ಮುಂದಿನ ವಾರ ಬರುತ್ತೀಯ ಎಂದ. ನೀನು ಅವನನ್ನು ಒಂದು ಗಳಿಗೆ ನೋಡಿದರೆ ನಿನಗೆ ತಿಳಿಯುತ್ತದೆ, ನಿನ್ನ ಕಣ್ಣು ಅಂಥದು. ಈ ಸಲ ಅವನ ಹೆಸರು ಕೆಳಗೆ ಇರುತ್ತದೆ. ಎಲ್ಲ ಆಯ್ಕೆಗಾರರೂ ನೋಡುತ್ತಾರೆ. ಆ ಕೊನೆಯ ಸಾಲಿನಲ್ಲಿ ತೊಂಬತ್ತು ಹಾಕು. ನೀನು ನನಗೆ ಮಾಡಿದ್ದಕ್ಕೆ ಇಷ್ಟು ಋಣವಿದೆ.

ನನಗೆ ಮಾಡಿದ್ದನ್ನು ಅವನಿಗೆ ಮಾಡಿದೆಯೋ, ಟ್ಯಾಂಪಾ ಎಷ್ಟು ದೂರವಾದರೂ ಬರುತ್ತೇನೆ. ಮೊಣಕಾಲು ಇನ್ನೂ ಅಷ್ಟಂತೂ ನಡೆಯುತ್ತದೆ.

ಒರಿನ್ ಟಿಲ್ಮನ್


ಟ್ಯಾಂಪಾ
ಭಾನುವಾರ, 28 ಏಪ್ರಿಲ್ 2024

ಒರಿನ್,

ನೋಡಿ ಬಂದೆ. ನಿನ್ನ ಹಾಗೇ ಭುಜ ಇಳಿಸಿ ನುಗ್ಗುತ್ತಾನೆ, ಹೆಲ್ಮೆಟ್‌ಗೆ ಎರಡು ಪೆಟ್ಟನ್ನೂ ಕೊಡುತ್ತಾನೆ. ಎರಡನೇ ಡಿಕ್ಕಿಗೆ ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದು ಬೆನ್ನು ತಿರುಗಿಸಿ ನಿಂತ. ನೀರು ಕುಡಿಯುವ ನೆಪ ಮಾಡಿದ. ನನ್ನ ಕೈಕುಲುಕುವಾಗ ಎಡಗೈ ಕೊಟ್ಟು, 'ನೀವೇನಾ ಆ ಗ್ರೇಡಿ?' ಎಂದ. ಹೌದು ಎಂದೆ. ಕೈ ಹಿಂದೆಗೆದುಕೊಂಡ. ಚೆನ್ನಾಗಿ ಬೆಳೆಸಿದ್ದೀಯ.

ಡೆಲ್ ಮಾವ 2019ರಲ್ಲಿ ತೀರಿಕೊಂಡ. ಅದಕ್ಕೇ ಈಗ ಹೇಳಬಹುದು. ಅಂದು ಪ್ರಮಾಣ ಮಾಡಿ, 44 ಎಂದರೆ ಒರಿನ್ ಎಂದು ನಾನು ಅಂದಿದ್ದರೆ, ಮುಂದಿನ ಪ್ರಶ್ನೆ ಏನಿರುತ್ತಿತ್ತು? 'ಐವತ್ತೆಂಟು ಯಾಕೆ?' ಅದರ ಮುಂದಿನದು, 'ನಿಮಗೆ ಹೇಗೆ ಗೊತ್ತು?' ದನದ ಡಾಕ್ಟರೊಬ್ಬ ಮನುಷ್ಯನ ಮೊಣಕಾಲಿಗೆ ಸೂಜಿ ಚುಚ್ಚಿದ್ದು ಹೊರಬಂದಿದ್ದರೆ ನಲವತ್ತು ವರ್ಷದ ಅವನ ಪರವಾನಗಿ ಅಂದೇ ಹೋಗುತ್ತಿತ್ತು. ನಿನಗೆ ಉಪಕಾರ ಮಾಡಿದ ಕೈಗೆ ಆ ಶಿಕ್ಷೆ. ಹನ್ನೊಂದು ಸಲ ಮರೆತೆ. ನೌಕರಿಯ ಭಯವೂ ಇತ್ತು, ಇಲ್ಲ ಎನ್ನಲಾರೆ.

ಇನ್ನು ಐವತ್ತೆಂಟು. ಆ ಆಟದೊಳಗೆ ಒಂದು ನಿಯಮವಿದೆ. ಪೆಟ್ಟು ತಾಳುವ ಅಂಕಿ ಅರವತ್ತಕ್ಕಿಂತ ಕೆಳಗಿರುವವನಿಗೆ ಏಟು ಬಿದ್ದರೆ ಯಂತ್ರವೇ ಅವನನ್ನು ಹೊರಗೆ ಕರೆದು ಕೂರಿಸುತ್ತದೆ. ಆಡುವವನು ಏನೇ ಗುಂಡಿ ಒತ್ತಿದರೂ ಆ ದಿನ ಮತ್ತೆ ಬಿಡುವುದಿಲ್ಲ.

2007ರ ಕೊನೆಯ ಪಂದ್ಯ ನೆನಪು ಮಾಡಿಕೋ. ಮೂರನೇ ಕ್ವಾರ್ಟರ್‌ನಲ್ಲಿ ನೀನು ಕುಂಟುತ್ತ ಬಂದೆ. ಕೋಚ್ ಹ್ಯಾಸ್ಕೆಲ್ ನಿನ್ನ ಬೆನ್ನು ತಟ್ಟಿ 'ನಡಿಯೋ ನಲವತ್ನಾಲ್ಕು' ಎಂದ. ನಾನು ಅವನಿಂದ ಒಂದು ಮೊಳ ದೂರದಲ್ಲಿ ಪಟ್ಟಿ ಹಿಡಿದು ನಿಂತಿದ್ದೆ. 'ಅವನ ಮೊಣಕಾಲು ಹೋಗಿದೆ ಕೋಚ್' ಎಂದರೆ ಮುಗಿಯುತ್ತಿತ್ತು. ನಾಲ್ಕು ಮಾತು. ನಿನಗೆ ಆಣೆ ಇಟ್ಟಿದ್ದೆ, ಹೇಳಲಿಲ್ಲ. ನೀನು ಮತ್ತೆ ಒಳಗೆ ಹೋದೆ. ಆ ಕ್ವಾರ್ಟರ್‌ನಲ್ಲಿ ನಿನ್ನ ಮೊಣಕಾಲಲ್ಲಿ ಏನು ಹರಿಯಿತೋ ಅದು ನನ್ನ ಮುಚ್ಚಿದ ಬಾಯಿಯಿಂದ ಹರಿದದ್ದು. ಮುಂದಿನ ಏಪ್ರಿಲ್‌ನಲ್ಲಿ ನಿನ್ನನ್ನು ಮಾಡಲು ಕೂತಾಗ, ನನ್ನ ಮಾತು ನಡೆಯುವ ಆ ಒಂದೇ ಮೈದಾನದಲ್ಲಾದರೂ ನಿನ್ನನ್ನು ಕೂರಿಸಬೇಕು ಅನ್ನಿಸಿತು. ಯಾವನೋ ಆಯ್ಕೆಗಾರನ ಮನೆಯಲ್ಲಿ ಅದನ್ನು ನೋಡುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ನಮಗದು ಆಟ.

ನಿನ್ನ ಜಾಗಕ್ಕೆ ಐವತ್ತಮೂರನ್ನು ಹಾಕಿಕೊಂಡದ್ದು? ಅದು ಬರೀ ಹೊಟ್ಟೆಕಿಚ್ಚು. ಅದಕ್ಕೆ ಸಮಜಾಯಿಷಿ ಇಲ್ಲ.

ಈಗ ನಿನ್ನ ಮಗನ ವಿಷಯ. ನೀನು ಕೇಳಿದ ಹಾಗೆ ತೊಂಬತ್ತು ಹಾಕಿದ್ದೇನೆ. ಮೇ ಕೊನೆಯವರೆಗೆ ತಿದ್ದಬಹುದು. ನಾನು ತಿದ್ದುವುದಿಲ್ಲ. ಯಾರಿಗೂ ಒಂದು ಮಾತು ಹೇಳುವುದೂ ಇಲ್ಲ. ಹೋದ ಸಲ ಬಾಯಿ ಮುಚ್ಚಿ ಅಂಕಿ ಇಳಿಸಿದೆ, ಎರಡೂ ಕಡೆ ಕೆಟ್ಟೆ. ಈ ಸಲ ಕೋಚ್‌ನ ಪಕ್ಕ ನಿಂತಿರುವವನು ನೀನು. ಒಂದು ಮೊಳ ದೂರ, ನಾಲ್ಕು ಮಾತು. ನನ್ನನ್ನು ಹನ್ನೆರಡು ವರ್ಷ ಬೈದೆಯಲ್ಲ, ಆ ಜಾಗದಲ್ಲಿ ನಿಂತು ನೋಡು.

53


ಡೆಮೊಪೊಲಿಸ್
ಭಾನುವಾರ, 19 ಮೇ 2024

ಗ್ರೇಡಿ,

ನಿನ್ನ ಕಾಗದವನ್ನು ಎರಡು ಸಲ ಹರಿದು ಹಾಕಲು ಹೋದೆ. ಐವತ್ತಮೂರು ಎಂದು ಸಹಿ ಹಾಕುವ ಸೊಕ್ಕು ಇನ್ನೂ ಇಳಿದಿಲ್ಲ ನಿನಗೆ. ನಿನ್ನ ಮಾವನ ಮಾತನ್ನು ಅಂದೇ ನನಗೆ ಹೇಳಬಹುದಿತ್ತು. ಆ ಮುದುಕನ ಮೇಲೆ ಕಲ್ಲು ಹಾಕುತ್ತೇನೆ ಎಂದುಕೊಂಡೆಯಲ್ಲ, ಅದು ಐವತ್ತೆಂಟಕ್ಕಿಂತ ಹೆಚ್ಚು ನೋಯಿಸಿತು. ನಿನ್ನನ್ನು ನಾನು ಕ್ಷಮಿಸಿಲ್ಲ. ಅದು ಸ್ಪಷ್ಟವಿರಲಿ.

ಹೋದ ಸೋಮವಾರ ಕಾರು ತೆಗೆದುಕೊಂಡು ಕಾಲೇಜಿಗೆ ಹೋದೆ. ಹೊಸ ಕೋಚ್‌ನ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತೆನೋ, ಒಳಗಿಂದ ಅವನೇ ಎದ್ದು ಬಂದು 'ಏನ್ ಸರ್, ಯಾರು ಬೇಕಿತ್ತು?' ಎಂದ. ನಾಲ್ಕು ಮಾತು ಎಂದಿದ್ದೆ ನೀನು. ನನಗೆ ಮೂರೇ ಸಾಕಾಯಿತು. 'ಅವನ ಭುಜ ಹೋಗಿದೆ.'

ಆ ದಿನವೇ ಸ್ಕ್ಯಾನ್ ಆಯಿತು. ಇನ್ನೆರಡು ಪೆಟ್ಟಿಗೆ ನರ ಹರಿದು ಕೈಯೇ ಬೀಳುತ್ತಿತ್ತು ಎಂದರು ಡಾಕ್ಟರು. ಗುರುವಾರ ಆಪರೇಷನ್ ಆಯಿತು. ಈ ವರ್ಷ ಆಡುವ ಹಾಗಿಲ್ಲ. ಅವನ ಜಾಗಕ್ಕೆ ಟೆಕ್ಸಸ್ ಕಡೆಯ ಹುಡುಗನೊಬ್ಬನನ್ನು ಹಾಕಿದ್ದಾರೆ.

ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಕೂತಿದ್ದೆ. ನನ್ನನ್ನೇ ನೋಡಿದ. ನಿನ್ನ ಕಡೆಯವರು ಯಾರಾದರೂ ಹೇಳಿರಬೇಕು ಎಂದುಕೊಂಡಿದ್ದನಂತೆ, ಕೋಚ್ ನಿಜ ಹೇಳಿಬಿಟ್ಟಿದ್ದ.

'ಗ್ರೇಡಿ ಮಾಡ್ಬಿಟ್ಟೆ ಅಲ್ವಾ ಅಪ್ಪ' ಎಂದ.

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದವನು ಮತ್ತೆ ಮಾತಾಡಿಲ್ಲ. ಮೂರು ದಿನವಾಯಿತು. ನಿನಗೆ ಹನ್ನೆರಡು ವರ್ಷ ಆಯಿತು, ಅದನ್ನು ಹೇಗೆ ತಡೆದೆಯೋ ನನಗೆ ತಿಳಿಯದು.

ಇನ್ನೂ ತಿದ್ದಬಹುದು ಎಂದಿದ್ದೆ. ಹೆಸರು ಪೂರ್ತಿ ಇರಲಿ, ಎಮೋರಿ ಟಿಲ್ಮನ್ ಎಂದು. ಕೊನೆಯ ಸಾಲಿನಲ್ಲಿ ಐವತ್ತೆಂಟು ಹಾಕು.

ಒರಿನ್